ಬಿಳಿ ಪಿಕಪ್ಪಿನ ಮೂಕ ರೇಡಿಯೋ

ರೇಡಿಯೋಗೆ ಕೈಯಿಟ್ಟವಳು ಹೆಂಡತಿ ಜೆನಿಯಾಳೇ. ನೆಸ್ಟರ್‌ಗೆ ಅನುಮಾನವೇ ಉಳಿದಿರಲಿಲ್ಲ. ಸಾಕ್ಷಿ ಸಿಕ್ಕಿರಲಿಲ್ಲ, ಅಷ್ಟೆ.

ಅಂಗಳದಲ್ಲಿ ಮೈನಸ್ ಮೂವತ್ತೆರಡು ಡಿಗ್ರಿ. ಅವನು ಪಿಕಪ್ಪಿನ ಮೆಟ್ಟಿಲ ಮೇಲೆ ನಿಂತು, ಚಾವಣಿಯ ಮೇಲಿನ ಪುಟ್ಟ ಅಂಟೆನಾಕ್ಕೆ ಅಂಟಿದ ಮಂಜುಗಡ್ಡೆಯನ್ನು ಕೆರೆಯುತ್ತಿದ್ದ. ಗಂಟೆ ಹನ್ನೊಂದೂವರೆ. ಒಂದಕ್ಕೆ ಕರ್ಲಿಂಗ್ ಫೈನಲ್. ತಮ್ಮ ಸಾಸ್ಕಾಚೆವಾನ್ ಪ್ರಾಂತ್ಯದ ತಂಡದ ಪರವಾಗಿ ಮಂಜುಗಡ್ಡೆಯ ಮೇಲೆ ಕಡೆಯ ಕಲ್ಲು ಜಾರಿಸುವವಳು ಅವನ ಮಗಳು ಲಾರಿಸಾ.

ಊರೆಲ್ಲ ಟೀವಿಯಲ್ಲಿ ನೋಡುತ್ತದೆ. ನೆಸ್ಟರ್ ನೋಡುವಂತಿಲ್ಲ. ತನ್ನ ಗಾಡಿಯಲ್ಲಿ ಒಬ್ಬನೇ ಕೂತು ಉಪಗ್ರಹ ರೇಡಿಯೋದಲ್ಲಿ ಕೇಳಿದ ಒಂಬತ್ತು ಆಟಗಳನ್ನೂ ಲಾರಿಸಾ ಗೆದ್ದಿದ್ದಳು. ಶುಕ್ರವಾರ ಸಂಜೆ ರೇಡಿಯೋ ಬಾಯಿ ಬಿಡಲಿಲ್ಲ. ಅವನು ಸೋಫಾದಲ್ಲಿ ಕೂತು ನೋಡಿದ. ಮಗಳು ಸೋತಳು. ಲೀಗಿನ ಕೊನೆಯ ಆಟವಾದ್ದರಿಂದ ಫೈನಲ್ ಕೈ ತಪ್ಪಲಿಲ್ಲ, ಪುಣ್ಯ.

ಜೆನಿಯಾ ಅಡುಗೆಮನೆಯ ಬಾಗಿಲು ತೆರೆದು ಕೂಗಿದಳು. "ಮುದುಕಾ, ಮೂಗು ಉದುರಿ ಬೀಳೋ ಮೊದಲು ಒಳಗೆ ಬಾ. ಹತ್ತು ಜನ ಬರ್ತಾರೆ, ಪೆರೋಗಿ ಕಡುಬು ಬೇಯಿಸ್ಬೇಕು."

"ಸೀಟು ಯಾಕೆ ಮುಂದಕ್ಕೆ ಎಳೆದಿದ್ದೆ?"

"ಯಾವ ಸೀಟು?"

"ನನ್ನ ಮೊಣಕಾಲು ಸ್ಟಿಯರಿಂಗಿಗೆ ಬಡೀತು. ಈ ಮನೆಯಲ್ಲಿ ಕುಳ್ಳಿ ಇರೋದು ಒಬ್ಳೇ."

"ನಿನ್ನ ಆ ಡಬ್ಬಿಯೊಳಗೆ ನಾನು ಕಾಲಿಟ್ಟು ತಿಂಗಳಾಯ್ತು. ಮಗಳ ಫೈನಲ್ ದಿನ ನೆಂಟರ ಜೊತೆ ಕೂರದೆ ಅಂಗಳದಲ್ಲಿ ಕೂರೋ ಅಪ್ಪ ಪ್ರಪಂಚದಲ್ಲೇ ನೀನೊಬ್ಬ." ಬಾಗಿಲು ಧಡಾರೆಂದಿತು.

ಕಾರಣವನ್ನು ಅವಳೇ ಒಪ್ಪಿಕೊಂಡಂತಾಯಿತು.

ಅವನು ಗಾಡಿಯನ್ನು ಸ್ಪ್ರೂಸ್ ಮರಗಳ ಸಾಲಿನಿಂದ ಆಚೆ ತಂದು ದಕ್ಷಿಣಕ್ಕೆ ಬಯಲಿರುವಲ್ಲಿ ನಿಲ್ಲಿಸಿದ. ಈ ಸೀಮೆಯಲ್ಲಿ ಉಪಗ್ರಹ ದಕ್ಷಿಣದ ದಿಗಂತಕ್ಕೇ ಒರಗಿಕೊಂಡಿರುತ್ತದೆ; ಒಂದು ಮರ ಅಡ್ಡ ಬಂದರೂ ಮುನಿಯುತ್ತದೆ. ಫ್ಯೂಸ್ ಕಿತ್ತು ನೋಡಿದ. ಸರಿಯಿತ್ತು. ರೇಡಿಯೋದ ಹಿಂದೆ ಕೈ ತೂರಿಸಿ ತಂತಿ ಒತ್ತಿದ. ಬಿಗಿಯಾಗಿಯೇ ಇತ್ತು. ಪರದೆಯ ಮೇಲೆ ಮಾತ್ರ ಅದೇ ಸಾಲು: ಈ ಚಾನೆಲ್ ಲಭ್ಯವಿಲ್ಲ. ಅವನು ಉಳಿಸಿಟ್ಟುಕೊಂಡಿದ್ದ ಚಾನೆಲ್‌ಗಳೆಲ್ಲ ಅಳಿಸಿಹೋಗಿದ್ದವು.

ನಾಯಿ ಕೂಡ ಮೂರು ದಿನದಿಂದ ಗಾಡಿ ಹತ್ತಲೊಲ್ಲದು. ಬಾಗಿಲ ಹತ್ತಿರ ಬಂದು ಮೂಸಿ ಹಿಂದೆ ಸರಿಯುತ್ತದೆ. ಚಳಿಗೆ ಅದಕ್ಕೂ ಸೋಮಾರಿತನ.

ನೆಸ್ಟರ್‌ನನ್ನು ನಿಜಕ್ಕೂ ಕಾಡಿದ್ದು ಪೆಟ್ರೋಲಿನ ಮುಳ್ಳು. ಶುಕ್ರವಾರ ಬೆಳಿಗ್ಗೆ ಕಾಲು ಟ್ಯಾಂಕು ಇತ್ತು, ಈಗ ಮುಕ್ಕಾಲು. ತಾನು ಹಾಕಿಸಿದ್ದು ಯಾವಾಗ? ನೆನಪಿಲ್ಲ. ಅವನ ಅಪ್ಪನಿಗೂ ಅರವತ್ತೊಂಬತ್ತಕ್ಕೆ ಹೀಗೇ ಶುರುವಾಗಿತ್ತು. ಮೊದಲು ಮರೆತದ್ದು ಚಿಕ್ಕ ಸಂಗತಿಗಳನ್ನು, ಕೊನೆಗೆ ನೆಸ್ಟರ್‌ನ ಹೆಸರನ್ನು. ಈ ಭಯವನ್ನು ಅವನು ಜೆನಿಯಾಗೂ ಹೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆಯದೆಲ್ಲ ಒಂದೊಂದಾಗಿ ನೆನಪಿಸಿಕೊಂಡ, ತಲೆ ನೆಟ್ಟಗಿದೆಯೋ ಎಂದು ಪರೀಕ್ಷಿಸಲು. ಕಾಫಿ ಅಂಗಡಿಗೆ ಹೋದದ್ದು. ಆರಿಸಿದರೆ ಚಳಿಗೆ ಮತ್ತೆ ಚಾಲೂ ಆಗದೆಂದು ಎಲ್ಲರಂತೆ ಎಂಜಿನ್ ಓಡುತ್ತಲೇ ಬಿಟ್ಟು, ಕೀಲಿ ಅಲ್ಲೇ ಇಟ್ಟು ಒಳಗೆ ಓಡಿದ್ದು. ಅಲ್ಲೇ ಕಾಫಿ ಕುಡಿಯುತ್ತಿದ್ದ ಪಕ್ಕದ ಹೊಲದ ವಾಸಿಲ್ ಎಂದಿನಂತೆ ಹಂಗಿಸಿದ್ದು: "ಗಾಳಿಯಲ್ಲಿ ಬರೋ ಹಾಡಿಗೆ ದುಡ್ಡು ಕೊಡ್ತೀಯಲ್ಲೋ ಹುಚ್ಚಪ್ಪಾ! ನನ್ನ ಗಾಡೀಲೂ ಅದೇ ಡಬ್ಬಿ ಇದೆ, ಒಂದು ಕಾಸು ಕಟ್ಟಿಲ್ಲ." ಎಲ್ಲ ನೆನಪಿದೆ. ಪೆಟ್ರೋಲೊಂದು ಬಿಟ್ಟು.

ಕಂಪನಿಗೆ ಮೂರನೇ ಸಲ ಫೋನ್ ಮಾಡಿದ.

"ಗಾಡಿ ಬಯಲಲ್ಲಿದೆಯಾ ಸರ್?" ಹುಡುಗಿಯ ದನಿ ಬಿಸಿಲೂರಿನಿಂದ ಬಂದಂತಿತ್ತು.

"ಇಲ್ಲಿ ಬಯಲು ಬಿಟ್ರೆ ಬೇರೇನೂ ಇಲ್ಲಮ್ಮ."

"ಚಂದಾ ಅಕ್ಟೋಬರ್‌ವರೆಗೆ ಕಟ್ಟಿದೀರಿ. ನಿಮ್ಮ ರೇಡಿಯೋ ಎಬ್ಬಿಸೋಕೆ ಮತ್ತೆ ಸಿಗ್ನಲ್ ಕಳಿಸ್ತೀನಿ. ಯಾವ ಗಾಡಿ ಅಂದ್ರಿ?"

"ಬಿಳಿ ಪಿಕಪ್. ಒಂದೇ ವರ್ಷ ಅರ್ಧ ಊರು ಇದನ್ನೇ ಕೊಂಡ್ಕೊಂಡ್ತು. ಈ ರೋಗ ಬಂದಿರೋದು ನನ್ನದಕ್ಕೆ ಮಾತ್ರ."

"ಹದಿನೈದು ನಿಮಿಷ ಕಾಯಿರಿ ಸರ್. ಈ ಸಲ ಖಂಡಿತ ತಲುಪುತ್ತೆ."

ಹದಿನೈದು ಕಾದ. ಇಪ್ಪತ್ತೈದು ಕಾದ. ಪರದೆ ಕದಲಲಿಲ್ಲ. ಒಂದಕ್ಕೆ ಇಪ್ಪತ್ತು ನಿಮಿಷ. ಇನ್ನು ಸೋಫಾವೇ ಗತಿ. ಮಗಳು ಸೋಲುತ್ತಾಳೆ, ಅಪ್ಪ ಅದನ್ನೂ ಮರೆಯುತ್ತಾನೆ. ನೆಸ್ಟರ್ ಹಣೆಯನ್ನು ಸ್ಟಿಯರಿಂಗಿಗೆ ಒತ್ತಿ ಕೂತ.

ಹೊರಗೆ ಹಾರ್ನ್ ಕೇಳಿಸಿತು. ಬೆನ್ನಿಗೇ ಕರ್ಲಿಂಗ್ ವಿವರಣೆಗಾರನ ಗಂಟಲು: "ಸಾಸ್ಕಾಚೆವಾನ್‌ನ ಆಟಗಾರ್ತಿಯರು ಅಂಕಣಕ್ಕೆ ಇಳಿಯುತ್ತಿದ್ದಾರೆ!"

ಊಟಕ್ಕೆ ಬಂದಿದ್ದ ವಾಸಿಲ್ ಅಂಥದೇ ಬಿಳಿ ಪಿಕಪ್ಪಿನ ಕಿಟಕಿಯಿಂದ ತಲೆ ಹೊರಹಾಕಿ ಹಲ್ಲು ಕಿರಿಯುತ್ತಿದ್ದ.

"ಪವಾಡ ಕಣೋ ನೆಸ್ಟರ್! ಶುಕ್ರವಾರದಿಂದ ಎಲ್ಲಾ ಚಾನೆಲ್ಲೂ ಪುಕ್ಕಟೆ! ನಾನು ಹೇಳ್ತಿರಲಿಲ್ವಾ, ದುಡ್ಡು ಕೊಡೋನು ಹುಚ್ಚ ಅಂತ?" ಅವನು ಸೀಟಿನ ಅಂಚಿನಿಂದ ತೂಗಾಡುತ್ತ ಕಷ್ಟಪಟ್ಟು ಕೆಳಗಿಳಿದ. ಆಮೇಲೆ ದನಿ ತಗ್ಗಿಸಿದ. "ಆದ್ರೆ ಯಾರಿಗೂ ಹೇಳ್ಬೇಡ. ಮೂರು ದಿನದಿಂದ ನಂಗೆ ಪೆಡಲ್ಲೇ ಎಟಕ್ತಿಲ್ಲ. ವಯಸ್ಸಿಗೆ ಕುಗ್ತಾ ಇದೀನೇನೋ ಅಂತ ಹೆದರಿಕೆ. ನಾಳೆ ಡಾಕ್ಟರ ಹತ್ರ ಹೋಗ್ತಿದೀನಿ."

ನೆಸ್ಟರ್ ನಿಧಾನವಾಗಿ ಇಳಿದು, ವಾಸಿಲ್ ಬಂದ ಗಾಡಿಯ ಹಿಂದೆ ಹೋಗಿ, ನಂಬರ್ ಪ್ಲೇಟಿನ ಮೇಲೆ ಗಟ್ಟಿಕಟ್ಟಿದ್ದ ಹಿಮವನ್ನು ಕೈಗವಸಿನಿಂದ ಒರೆಸಿದ.

ಅಲ್ಲಿದ್ದದ್ದು ನೆಸ್ಟರ್‌ನ ನಂಬರು.