ಕಲ್ಲು ತಿರುಗಿ ಹೇಳಿದ ಹೆಸರು

ಶಾಲೆ ಬಿಟ್ಟು ಹಿಡಿದ ಗೋಡೆ ಬಳಿಯುವ ಕಸುಬೇ ನನಗೆ ಮನೆ ಕಟ್ಟಿಕೊಟ್ಟಿದೆ. ಇಂದಿಗೂ ಹಸಿ ಸುಣ್ಣ ಕದಡುವಾಗ ಬೊರ್ರಾ ಗುಹೆಯ ಆ ಮಧ್ಯಾಹ್ನ ಮೂಗಿಗೆ ಬಡಿಯುತ್ತದೆ.

ಅಪ್ಪ ತೀರಿಕೊಂಡು ವರ್ಷವಾಗಿತ್ತು. ನಾನು, ಅವ್ವ ಹೈದರಾಬಾದಿನ ನಾರಾಯಣಗೂಡದಲ್ಲಿ ಅಪ್ಪನ ತಮ್ಮ, ಕಾಕಾನ ಮನೆಯಲ್ಲಿದ್ದೆವು.

"ಎಷ್ಟ್ ದಿನಾ ಒಲಿ ಮುಂದ ಕುಂದರ್ತೀರಿ ವೈನಿ? ನಡೀರಿ, ಬೆಟ್ಟಾ ಗುಡ್ಡಾ ನೋಡಿ ಬರೂಣು" ಎಂದು ಕಾಕಾ ನಮ್ಮನ್ನೂ ಹೊರಡಿಸಿದ.

ಬೊರ್ರಾಕ್ಕೆ ಹೋಗುವ ರೈಲು ಹಳೆಯ ಕಾಡಿನ ಬೆಟ್ಟಗಳನ್ನು ಹತ್ತುವಾಗ ಕಾಕಾನ ಹೆಂಡತಿ ಹಾಡಿದಳು. ಅವ್ವ ಕಿಟಕಿಗೆ ಮುಖ ಮಾಡಿ ಕೂತಿದ್ದಳು.

ಗುಹೆಯೊಳಗೆ ಸುಣ್ಣದ ಕಲ್ಲು ಬೆವರಿತ್ತು. ಮುಟ್ಟಿದರೆ ಬೆರಳು ಜಾರುತ್ತಿತ್ತು. ಗೈಡ್ ದೀಪ ಆರಿಸಿ, 'ಬೇಕಾದವರ ಹೆಸರು ಕೂಗಿರಿ, ಕಲ್ಲೇ ತಿರುಗಿ ಹೇಳುತ್ತದೆ' ಎಂದು ತೆಲುಗಿನಲ್ಲಿ ಹೇಳಿದ. ಕಾಕಾ ತನ್ನ ಹೆಸರನ್ನೇ ಕೂಗಿ ನಕ್ಕ. ಆಮೇಲೆ ಕತ್ತಲೊಳಗಿಂದ ಒಂದು ತೆಳ್ಳನೆಯ ದನಿ ಅಪ್ಪನ ಹೆಸರು ಕರೆಯಿತು. ಕಲ್ಲು ಅದನ್ನು ಮತ್ತೆ ಮತ್ತೆ ಹೇಳಿತು.

ಅವ್ವ ಗಂಡನ ಹೆಸರು ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ರೇಷನ್ ಅಂಗಡಿಯವರು ಕೇಳಿದರೂ ನನ್ನ ಕೈಲೇ ಹೇಳಿಸುತ್ತಿದ್ದಳು.

ದೀಪ ಹತ್ತಿತು.

"ಯಾರವಾ ಅದು, ಭಾವಾರ ಹೆಸರ ಕರದವರು?" ಕಾಕಾನ ಹೆಂಡತಿ ಅವ್ವನನ್ನೇ ನೋಡುತ್ತ ಕೇಳಿದಳು. ಅವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

"ನಾನಽ" ಅಂದೆ.

"ಅಪ್ಪನ ಹೆಸರ ಹಿಡದ ಕೂಗ್ತೀಯೇನಲೇ, ಬುದ್ಧಿ ಐತೋ ಇಲ್ಲೋ?" ಕಾಕಾ ನನ್ನ ತಲೆಗೆ ಮೊಟಕಿದ.

ಎಲ್ಲರೂ ಬೆಳಕಿನ ಕಡೆ ನಡೆದರು. ಅವ್ವ ಮಾತ್ರ ಕಲ್ಲಿಗೆ ಕೈಯೂರಿ, ಕಿವಿ ಹಚ್ಚಿ ನಿಂತೇ ಇದ್ದಳು. "ನಡಿಯವಾ" ಎಂದು ಸೆರಗು ಜಗ್ಗಿದೆ. ಅವಳಿಗೆ ನನ್ನ ದನಿ ಕೇಳಿಸಲಿಲ್ಲ.