ಕೊನೆಯ ರಿಟರ್ನ್

ತಿಂಗಳ ಮಾರಾಟ ತೆರಿಗೆಯ ರಿಟರ್ನ್ ಸಲ್ಲಿಸಿದ ಕೂಡಲೇ, ಆ ವ್ಯಾಪಾರಿಯ ತೀರಿಹೋದವರಲ್ಲಿ ಒಬ್ಬರನ್ನು ಸರ್ಕಾರ ಸ್ವಲ್ಪ ಹೊತ್ತು ಕಳಿಸಿಕೊಡುತ್ತಿತ್ತು. ಗದಗಿನ ಪಾತ್ರೆ ಅಂಗಡಿಯ ಬಸಲಿಂಗಪ್ಪನ ಬಳಿಗೆ ಪ್ರತಿ ಸಲವೂ ಬರುತ್ತಿದ್ದವಳು ಹೆಂಡತಿ ಶಾಂತವ್ವ. ನಿಂತು ವ್ಯಾಪಾರ ಮಾಡಲು ಮೊಣಕಾಲು ಕೈಕೊಟ್ಟಿದ್ದರಿಂದ ಈ ತಿಂಗಳು ಅವನು ಅಂಗಡಿ ಮುಚ್ಚಿ, ಕೊನೆಯ ರಿಟರ್ನ್ ಸಲ್ಲಿಸಿದ್ದ. ಅಂಗಡಿ ಮುಚ್ಚಿದವರ ಬಳಿಗೆ ಮುಂದೆ ಯಾರೂ ಬರುವುದಿಲ್ಲ. ಅದು ಶಾಂತವ್ವನಿಗೆ ಗೊತ್ತಿರಲಿಲ್ಲ.

ಖಾಲಿ ಕಪಾಟು ನೋಡಿ ಅವಳ ಮುಖ ಅರಳಿತು. "ಅಂತೂ ನನ್ನ ಮಾತು ಕೇಳಿದ್ರಲ್ಲ. ಇನ್ನ ಮ್ಯಾಲೆ ಆರಾಮಾಗಿ ಮನ್ಯಾಗ ಕುಂತು ಮಾತಾಡೂಣ್ರಿ."

"ಹೂಂ, ಮಾತಾಡೂಣು," ಎಂದ ಬಸಲಿಂಗಪ್ಪ. ಅವಳ ಲೋಟಕ್ಕೆ ಅಂಚಿನವರೆಗೂ ಚಹಾ ಹಾಕಿದ.

"ಬಿಸಿ ಐತಿ," ಎಂದ. "ಸಾವಕಾಶ ಕುಡಿ."