ಕಾಗೆಯ ಹೊಸ ಮನೆ

ಮಳೆಗೆ ಕಾಗೆಯ ಮಣ್ಣಿನ ಮನೆ ಕರಗಿಹೋಗಿ, ಅದು ಗುಬ್ಬಿಯ ಕಲ್ಲುಮನೆಯ ಬಾಗಿಲು ತಟ್ಟುವ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳದೆ ಅವಳು ಚಿಕ್ಕಂದಿನಲ್ಲಿ ತುತ್ತು ನುಂಗಿದವಳೇ ಅಲ್ಲ. ಈಗ ಅವಳು ಸೆರಾಮಿಕ್ ಶಿಲ್ಪಿ. ಆ ಕಾಗೆಯ ಮನೆಯನ್ನೇ ಜೇಡಿಮಣ್ಣಿನಲ್ಲಿ ಕಟ್ಟಿದ್ದಳು. ಎರಡು ಸಲ ಭಟ್ಟಿಯಲ್ಲಿ ಬಿರುಕು ಬಿಟ್ಟು, ಮೂರನೆಯ ಸಲ ಗೆದ್ದಿತ್ತು. ಪ್ರದರ್ಶನಕ್ಕೆ ಬಂದವರೆಲ್ಲ ಹೊಗಳಿದರೂ ಅವಳಿಗೆ ಬೇಕಾಗಿದ್ದುದು ಅಜ್ಜಿಯ ಒಂದು ಮಾತು.

ಅಜ್ಜಿ ಆ ಮನೆಗೆ ಒಂದು ಸುತ್ತು ಬಂದು, ಅದರ ಗೋಡೆಯನ್ನು ಬೆರಳಿನಿಂದ ಕುಟ್ಟಿದಳು. ಟಣ್ ಎಂದಿತು.

“ಗಟ್ಟಿಯಾಗೈತೆ ಕಣವ್ವ.”

“ಹಗಲೆಲ್ಲ ಭಟ್ಟೀಲಿ ಸುಟ್ಟಿದ್ದೀನಿ ಅಜ್ಜಿ. ಇನ್ನು ನೂರು ಮಳೆಗಾಲ ಬಂದ್ರೂ ಕರಗಲ್ಲ.”

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

“ಮತ್ತೆ ಆ ಕಾಗೆ ಇನ್ಯಾಕವ್ವ ಗುಬ್ಬಿ ಬಾಗಿಲು ತಟ್ಟುತ್ತೆ?”